ಯೂರಿನ್ ಕಲ್ಚರ್‌ಗೆ ಎರಡು ದಿನ ಯಾಕೆ ಬೇಕು?

ಜಿಲ್ಲಾ ಕೇಂದ್ರದ ಆಸ್ಪತ್ರೆಯೊಂದರ ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ನನ್ನ ಕೆಲಸ. ನಮಗೆ ಜಾಸ್ತಿ ಬರುವುದು ಮೂತ್ರದ ಸ್ಯಾಂಪಲ್. ಉರಿಮೂತ್ರ, ಕಿಬ್ಬೊಟ್ಟೆ ನೋವು, ಪದೇ ಪದೇ ಹೋಗಬೇಕು ಅನ್ನಿಸುವುದು, ಕೆಲವರಿಗೆ ಚಳಿಜ್ವರ. "ಮೇಡಂ, ಶುಗರ್ ರಿಪೋರ್ಟ್ ಬೇಗ ಕೊಡ್ತೀರಲ್ಲ, ಇದಕ್ಕೆ ಯಾಕೆ ಎರಡು ದಿನ?" ಎಂದು ಕೌಂಟರ್‌ನಲ್ಲಿ ಯಾರಾದರೂ ಕೇಳುತ್ತಲೇ ಇರುತ್ತಾರೆ. ಶುಗರ್ ಅಳೆದರೆ ಮುಗಿಯಿತು. ಕಲ್ಚರ್ ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸುವುದು, ಅದಕ್ಕೆ ಹೊತ್ತು ಹಿಡಿಯುತ್ತದೆ.

ಆದರೆ ರಿಪೋರ್ಟ್ ಸರಿಯಾಗುವುದೋ ಕೆಡುವುದೋ ಸ್ಯಾಂಪಲ್ ಹಿಡಿಯುವಾಗಲೇ ತೀರ್ಮಾನವಾಗಿರುತ್ತದೆ. ಹಾಗಾಗಿ ಡಬ್ಬಿಯನ್ನು ಸುಮ್ನೆ ಕೈಗಿಟ್ಟು ಕಳಿಸುವುದಿಲ್ಲ. ಹೆಂಗಸರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳುತ್ತೇನೆ: "ಅಮ್ಮಾ, ಮೊದಲು ನೀರಲ್ಲಿ ತೊಳ್ಕೊಳ್ಳಿ. ಶುರುವಿಗೆ ಬರೋದನ್ನ ಬಿಟ್ಬಿಡಿ, ಮಧ್ಯದ್ದು ಮಾತ್ರ ಇದಕ್ಕೆ ಹಿಡೀರಿ. ಡಬ್ಬಿ ಒಳಗೆ ಬೆರಳು ತಾಗಿಸಬೇಡಿ." ಮನೆಯಿಂದ ಟಾನಿಕ್ ಬಾಟಲಿಯಲ್ಲಿ ತಂದರೆ ವಾಪಸ್ ಕೊಟ್ಟು ಹೊಸ ಡಬ್ಬಿ ಕೊಡುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ, ಆದರೂ ಈ ವಿಷಯದಲ್ಲಿ ನಾನು ಬಿಗಿ.

ಹೊತ್ತಿನ ಲೆಕ್ಕವೂ ಅಷ್ಟೇ ಮುಖ್ಯ. ಉರಿಮೂತ್ರಕ್ಕೆ ಮುಖ್ಯ ಕಾರಣವಾದ ‘ಇ. ಕೋಲೈ’ ಎಂಬ ಬ್ಯಾಕ್ಟೀರಿಯಾ, ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತದೆ. ಹಾಗೆ ಬೆಳೆದರೆ ಒಂದೇ ಬ್ಯಾಕ್ಟೀರಿಯಾ ಎರಡು ಗಂಟೆಯಲ್ಲಿ 64 ಆಯಿತು. ಅದಕ್ಕೇ ಎರಡು ಗಂಟೆಯೊಳಗೆ ಸ್ಯಾಂಪಲ್ ನನ್ನ ಮೇಜಿಗೆ ಬರಬೇಕು, ಇಲ್ಲದಿದ್ದರೆ ಫ್ರಿಜ್‌ನಲ್ಲಿರಬೇಕು. ಫ್ರಿಜ್‌ನಲ್ಲಿಟ್ಟರೆ 24 ಗಂಟೆಯವರೆಗೆ ನಡೆಯುತ್ತದೆ.

ತಂತಿಯ ಲೂಪ್ ಅನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಆರಿಸಿ, ಮೂತ್ರದಲ್ಲಿ ಅದ್ದಿ ಪ್ಲೇಟ್ ಮೇಲೆ ಗೀಚುತ್ತೇನೆ. ಆ ಲೂಪ್ ಹಿಡಿಯುವುದು ಒಂದು ಮಿಲಿಲೀಟರ್‌ನ ಸಾವಿರದ ಒಂದು ಪಾಲು ಅಷ್ಟೇ. ಪ್ಲೇಟ್‌ನಲ್ಲಿರುವುದು ಅಗರ್, ಅಂದರೆ ನಮ್ಮ ಅಡುಗೆಮನೆಯ ಚೈನಾ ಗ್ರಾಸ್. 1880ರ ದಶಕದ ಶುರುವಿನಲ್ಲಿ ಜರ್ಮನಿಯಲ್ಲಿ ಬ್ಯಾಕ್ಟೀರಿಯಾ ವಿಜ್ಞಾನಿ ರಾಬರ್ಟ್ ಕಾಖ್ ಲ್ಯಾಬ್‌ನವರು ಬಳಸುತ್ತಿದ್ದ ಜೆಲಟಿನ್ ಬಿಸಿಗೆ ಕರಗಿಹೋಗುತ್ತಿತ್ತು. ಅಗರ್ ಬಳಸಿ ಎಂದು ಹೇಳಿಕೊಟ್ಟವರು ಆ ಲ್ಯಾಬ್‌ನಲ್ಲಿದ್ದ ವಾಲ್ಟರ್ ಹೆಸ್ಸೆಯವರ ಹೆಂಡತಿ ಫ್ಯಾನಿ ಹೆಸ್ಸೆ. ಮನೆಯಲ್ಲಿ ಹಣ್ಣಿನ ಜೆಲ್ಲಿಗೆ ಅದನ್ನೇ ಹಾಕುತ್ತಿದ್ದರಂತೆ. ಅವರ ಹೆಸರು ಇನ್ನೂ ಜಾಸ್ತಿ ಜನಕ್ಕೆ ಗೊತ್ತಾಗಬೇಕು.

ರಾತ್ರಿಯೆಲ್ಲ 37 ಡಿಗ್ರಿಯಲ್ಲಿಟ್ಟ ಪ್ಲೇಟ್ ಅನ್ನು ಬೆಳಿಗ್ಗೆ ತೆಗೆಯುತ್ತೇನೆ. ಮೂತ್ರದ ಸ್ಯಾಂಪಲ್‌ಗೆ ನಾವು ಬಳಸುವ ಸಿಎಲ್‌ಇಡಿ ಎಂಬ ಬಗೆಯ ಅಗರ್ ಮೇಲೆ ಇ. ಕೋಲೈ ಹಳದಿ ಚುಕ್ಕೆಗಳಾಗಿ ಕಾಣುತ್ತದೆ. ಕ್ಲೆಬ್ಸಿಯೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಆದರೆ ದಪ್ಪಗೆ, ಲೋಳೆಲೋಳೆಯಾಗಿರುತ್ತದೆ. ನೂರು ಚುಕ್ಕೆ ಇದ್ದರೆ ಒಂದು ಮಿಲಿಲೀಟರ್ ಮೂತ್ರಕ್ಕೆ ಒಂದು ಲಕ್ಷ ಬ್ಯಾಕ್ಟೀರಿಯಾ ಎಂದು ಲೆಕ್ಕ. 1950ರ ದಶಕದಲ್ಲಿ ಅಮೆರಿಕದ ಡಾಕ್ಟರ್ ಎಡ್ವರ್ಡ್ ಕಾಸ್ ತೋರಿಸಿಕೊಟ್ಟ ಗೆರೆ ಇದು, ಇದನ್ನು ದಾಟಿದರೆ ಸೋಂಕು ಎಂದು ಎಣಿಸುತ್ತೇವೆ. ಅದನ್ನೇ ಕಣ್ಣುಮುಚ್ಚಿ ಹಿಡಿಯುವಂತಿಲ್ಲ, ಉರಿ ಇರುವ ಹೆಂಗಸರಲ್ಲಿ ಅದಕ್ಕಿಂತ ಕಡಿಮೆಯೂ ಲೆಕ್ಕಕ್ಕೆ ಬರುತ್ತದೆ. ಮೂರು ನಾಲ್ಕು ಬಗೆ ಒಟ್ಟಿಗೆ ಬೆಳೆದರೆ ಸಾಮಾನ್ಯವಾಗಿ ಅದು ಹೊರಗಿನಿಂದ ಸೇರಿದ್ದು, ಹೊಸ ಸ್ಯಾಂಪಲ್ ಕೇಳುತ್ತೇನೆ.

ಎರಡನೇ ರಾತ್ರಿ ಬೇಕಾಗುವುದು ಯಾವ ಔಷಧಿ ನಾಟುತ್ತದೆ ಎಂದು ತಿಳಿಯಲು. ಬ್ಯಾಕ್ಟೀರಿಯಾವನ್ನು ಇನ್ನೊಂದು ಪ್ಲೇಟ್ ತುಂಬ ಹರಡಿ, ಆಂಟಿಬಯಾಟಿಕ್ ಹಚ್ಚಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತೇನೆ. ಮರುದಿನ ನೈಟ್ರೋಫ್ಯುರಾಂಟಾಯಿನ್ ಸುತ್ತ ಅಗಲವಾದ ಖಾಲಿ ಉಂಗುರ ಕಾಣಬಹುದು, ಅಂದರೆ ಆ ಔಷಧಿ ನಾಟುತ್ತದೆ; ಸಿಪ್ರೋಫ್ಲಾಕ್ಸಸಿನ್ ಬಿಲ್ಲೆಯ ಅಂಚಿನವರೆಗೂ ಬೆಳೆ ಬಂದಿರಬಹುದು, ಅಂದರೆ ಅದು ನಾಟುವುದಿಲ್ಲ. ಪ್ಲೇಟ್ ತಿರುಗಿಸಿ ಸ್ಕೇಲ್ ಇಟ್ಟು ಮಿಲಿಮೀಟರ್‌ನಲ್ಲಿ ಅಳೆಯುತ್ತೇನೆ. ಕೆಲವು ಪ್ಲೇಟ್‌ಗಳಲ್ಲಿ ಸೆಫ್ಟಾಜಿಡಿಮ್ ಉಂಗುರ ಪಕ್ಕದ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಬಿಲ್ಲೆಯ ಕಡೆಗೆ ಮಾತ್ರ ಉಬ್ಬಿ, ಬೀಗದ ಕಿಂಡಿಯ ಹಾಗೆ ಕಾಣುತ್ತದೆ. ಸೆಫ್ಟಾಜಿಡಿಮ್‌ನಂಥ ಸೆಫಲೋಸ್ಪೋರಿನ್ ಗುಂಪಿನ ಔಷಧಿಗಳನ್ನೇ ಒಡೆದುಹಾಕುವ ಕಿಣ್ವ ಆ ಬ್ಯಾಕ್ಟೀರಿಯಾದಲ್ಲಿದೆ ಎಂದರ್ಥ. ಅದನ್ನು ಕಂಡಾಗೆಲ್ಲ ನನಗೆ ಸಂಕಟವಾಗುತ್ತದೆ, ಡಾಕ್ಟರ ಕೈಯಲ್ಲಿ ಉಳಿಯುವ ಔಷಧಿ ಕಡಿಮೆಯಾಯಿತಲ್ಲ.

ಮೆಡಿಕಲ್ ಶಾಪ್‌ನಿಂದ ಮಾತ್ರೆ ತಂದು ಎರಡು ದಿನ ನುಂಗಿ ಆಮೇಲೆ ಬರುವವರು ತುಂಬ ಜನ. ಪ್ಲೇಟ್‌ನಲ್ಲಿ ಏನೂ ಬೆಳೆಯದೇ ಇರಬಹುದು, ಉರಿ ಮಾತ್ರ ಹಾಗೇ ಇರುತ್ತದೆ. ಸೆಫಿಕ್ಸಿಮ್‌ನಂಥ ಆಂಟಿಬಯಾಟಿಕ್‌ಗಳು 2014ರಿಂದ ಸರ್ಕಾರದ ‘ಎಚ್1’ ಎಂಬ ಬಿಗಿ ನಿಯಮದ ಔಷಧಿ ಪಟ್ಟಿಯಲ್ಲಿವೆ. ಡಾಕ್ಟರ ಚೀಟಿ ಇಲ್ಲದೆ ಅಂಗಡಿಯವರು ಕೊಡುವಂತಿಲ್ಲ, ಕೊಟ್ಟದ್ದನ್ನು ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು. ಸ್ಯಾಂಪಲ್ ಮೊದಲು, ಮಾತ್ರೆ ಆಮೇಲೆ. ಡಾಕ್ಟರು ರಿಪೋರ್ಟ್‌ಗೆ ಕಾಯದೆ ಔಷಧಿ ಶುರುಮಾಡಿದರೂ ಪರವಾಗಿಲ್ಲ, ಆಮೇಲೆ ಬದಲಿಸಬಹುದು.

ಇನ್ನೊಂದು ವಿಷಯ. ಏನೂ ತೊಂದರೆಯಿಲ್ಲದ ವಯಸ್ಸಾದವರು ಚೆಕಪ್ ಅಂತ ಕಲ್ಚರ್ ಮಾಡಿಸಿದರೆ ಎಷ್ಟೋ ಸಲ ಬೆಳೆ ಬರುತ್ತದೆ. ಲಕ್ಷಣ ಇಲ್ಲದಿದ್ದರೆ ಅದಕ್ಕೆ ಸಾಮಾನ್ಯವಾಗಿ ಆಂಟಿಬಯಾಟಿಕ್ ಬೇಡ. ಬಸುರಿಯರ ವಿಷಯ ಬೇರೆ. ಉರಿ ಇಲ್ಲದಿದ್ದರೂ ಅವರಲ್ಲಿ ಅದು ಕಿಡ್ನಿಗೆ ಏರುವ ಅಪಾಯ ಜಾಸ್ತಿ, ಚಿಕಿತ್ಸೆ ಬೇಕೇ ಬೇಕು. ಅಂಥ ಪ್ಲೇಟ್ ಬಂದರೆ ಪ್ರಿಂಟ್ ಆಗುವವರೆಗೂ ಕಾಯುವುದಿಲ್ಲ, ನಾನೇ ಡಾಕ್ಟರಿಗೆ ಫೋನ್ ಮಾಡುತ್ತೇನೆ.