ಆರ್ಥೋ ಓಟಿಯಲ್ಲಿ ಹೆಣ್ಣುಮಕ್ಕಳು: ಬಲದ ಮಾತು ಬಿಡಿ, ಇಂಡೆಂಟ್ ಬರೆಯಿರಿ

ಆರ್ಥೋಪೆಡಿಕ್ಸ್ (ಮೂಳೆ-ಕೀಲು ಚಿಕಿತ್ಸೆ) ಸೀಟು ತಗೊಳ್ತೀನಿ ಅಂದ ಹುಡುಗಿಗೆ ಮೊದಲು ಸಿಗುವ ಬುದ್ಧಿಮಾತು: "ಗೈನಿಕ್ ತಗೋಮ್ಮ, ಇದು ಸುತ್ತಿಗೆ ಹೊಡೆಯೋ ಕೆಲಸ." ಸುತ್ತಿಗೆ ಇರುವುದು ನಿಜ. ಆದರೆ ಈ ಕೆಲಸದಲ್ಲಿ ನಾನು ಕಂಡಂತೆ, ಬಲ ಸಾಲದೆ ನಿಂತುಹೋದ ಆಪರೇಷನ್ ಅಪರೂಪ. ಕೈ ಕಟ್ಟುವುದು ಟೇಬಲಿನ ಎತ್ತರ, ಗ್ಲೌಸಿನ ಸೈಜು, ಏಪ್ರನ್ನಿನ ಅಳತೆ, ಡ್ಯೂಟಿ ಚಾರ್ಟು. ಇವೆಲ್ಲ ಕಾಗದದಲ್ಲಿ ಕೇಳಿ ಪಡೆಯಬಹುದಾದವು.

ಓಟಿಯ, ಅಂದರೆ ಆಪರೇಷನ್ ಥಿಯೇಟರಿನ, ಟೇಬಲಿನಿಂದ ಶುರು ಮಾಡೋಣ. ಎತ್ತರ ನಿಗದಿಯಾಗಬೇಕಾದ್ದು ಆಪರೇಟ್ ಮಾಡುವವರಿಗೆ, ಅಸಿಸ್ಟೆಂಟ್‌ಗೆ ಅಲ್ಲ. ರೋಗಿಗೆ ಡ್ರೇಪ್ (ಹೊದಿಕೆ ಬಟ್ಟೆ) ಹಾಕುವ ಮೊದಲೇ ಹೇಳಿ: ಆಪರೇಟ್ ಮಾಡುವ ಜಾಗ ನಿಮ್ಮ ಮೊಣಕೈಗಿಂತ 5ರಿಂದ 10 ಸೆಂ.ಮೀ. ಕೆಳಗಿರಲಿ. ರೀಮರ್ (ಮೂಳೆಯೊಳಗೆ ಕೊರೆಯುವ ಸಾಧನ), ಸುತ್ತಿಗೆ ಬಳಸುವಾಗ ಇನ್ನೂ ಸ್ವಲ್ಪ ತಗ್ಗಿಸಿದರೆ ಮೈಭಾರ ನೆರವಿಗೆ ಬರುತ್ತದೆ. ಭುಜ ಎತ್ತಿ ಹಿಡಿದರೆ ತೋಳಿನ ಶಕ್ತಿಯೊಂದೇ ಗತಿ. ಟೇಬಲ್ ಅಷ್ಟು ಇಳಿಯದಿದ್ದರೆ ಎರಡೂ ಪಾದ ಸರಿಯಾಗಿ ಊರುವಷ್ಟು ಅಗಲದ ಸ್ಟೂಲ್ ಬೇಕು, ಕಾಟರಿ (ರಕ್ತ ನಿಲ್ಲಿಸಲು ಸುಡುವ ಸಾಧನ) ಮತ್ತು ಸಿ-ಆರ್ಮ್ (ಓಟಿಯ ಎಕ್ಸ್‌ರೇ ಯಂತ್ರ) ಪೆಡಲ್‌ಗಳೂ ಅದರ ಮೇಲೇ ಇರಬೇಕು. ಪೆಡಲ್ ನೆಲದ ಮೇಲುಳಿದರೆ ಒಂಟಿಕಾಲಲ್ಲಿ ನಿಂತು ಡ್ರಿಲ್ ಮಾಡಬೇಕಾಗುತ್ತದೆ.

ಡ್ರಿಲ್ ಹೋಗದಿದ್ದರೆ ಮೊದಲು ಬಿಟ್ ನೋಡಿ, ನಿಮ್ಮ ತೋಳನ್ನಲ್ಲ. ಮೊಂಡು ಬಿಟ್ ಅನ್ನು ಜೋರಾಗಿ ಒತ್ತಿದರೆ ಮೂಳೆ ಬಿಸಿಯಾಗಿ ಸಾಯುತ್ತದೆ, ಸ್ಕ್ರೂ ಆಮೇಲೆ ಸಡಿಲವಾಗುತ್ತದೆ. ಇಲ್ಲವೇ ಬಿಟ್ ಆಚೆ ಬದಿಗೆ ತಟ್ಟನೆ ನುಗ್ಗಿ ರಕ್ತನಾಳಕ್ಕೆ ತಾಗುತ್ತದೆ. ಗ್ಲೌಸ್ 6 ಮತ್ತು 6.5 ಸೈಜಿನಲ್ಲಿ ತಿಂಗಳ ಇಂಡೆಂಟ್‌ಗೇ (ಸಾಮಾನಿನ ಬೇಡಿಕೆ ಪಟ್ಟಿಗೆ) ಸೇರಿಸಿ. ದೊಡ್ಡ ಗ್ಲೌಸಿನ ಬೆರಳತುದಿ ಡ್ರಿಲ್ಲಿಗೆ ಸುತ್ತಿಕೊಳ್ಳುತ್ತದೆ.

ಜಾರಿದ ಸೊಂಟದ ಕೀಲು ಕೂರಿಸಲು ಟ್ರಾಲಿ ಹತ್ತಿ ಎಳೆಯಬೇಕಿಲ್ಲ. ಕ್ಯಾಪ್ಟನ್ ಮಾರ್ಗನ್ ವಿಧಾನದಲ್ಲಿ ರೋಗಿಯ ಸೊಂಟ, ಮಂಡಿ ಎರಡನ್ನೂ 90 ಡಿಗ್ರಿ ಮಡಚಿ, ನಮ್ಮ ಪಾದವನ್ನು ಟ್ರಾಲಿಯ ಮೇಲೆ ಊರಿ, ನಮ್ಮ ಮಂಡಿಯನ್ನು ಅವರ ಮಂಡಿಯ ಹಿಂಬದಿಗೆ ಕೊಟ್ಟು ಹಿಮ್ಮಡಿ ಎತ್ತಬೇಕು. ಕೆಲಸ ಮಾಡುವುದು ನಮ್ಮ ಮೀನಖಂಡ. ರೋಗಿಯ ಸೊಂಟವನ್ನು ಟ್ರಾಲಿಗೆ ಪಟ್ಟಿಯಿಂದ ಬಿಗಿಯದಿದ್ದರೆ ಮಾತ್ರ ಇಡೀ ಮೈ ಮೇಲೆದ್ದು ಬರುತ್ತದೆ. ಜಾರಿದ ಭುಜಕ್ಕೆ ಸ್ಟಿಮ್ಸನ್ ವಿಧಾನ: ಬೋರಲು ಮಲಗಿಸಿ, ತೋಳು ಇಳಿಬಿಟ್ಟು, 2ರಿಂದ 5 ಕೆ.ಜಿ. ತೂಕ ಕಟ್ಟಿ ಕಾಯುವುದು. ಆದರೂ ಕೂರದಿದ್ದರೆ ಸ್ನಾಯು ಸಡಿಲವಾಗಿಲ್ಲ, ಇಲ್ಲವೇ ಮಧ್ಯೆ ಏನೋ ಸಿಕ್ಕಿಕೊಂಡಿದೆ. "ಗಂಡು ಪಿಜಿಯನ್ನ (ಸ್ನಾತಕೋತ್ತರ ವಿದ್ಯಾರ್ಥಿಯನ್ನ) ಕರೀರಿ" ಅನ್ನುವ ಹೊತ್ತಿನಲ್ಲಿ ಅನಸ್ತೀಷಿಯಾದವರನ್ನು ಕರೆಯುವುದು ಲೇಸು. ಸೊಂಟದ ಕೀಲಿಗೆ ಜೋರು ಮಾಡಿದರೆ ತೊಡೆಮೂಳೆಯ ಕತ್ತು ಮುರಿಯುವ ಅಪಾಯ ಉಂಟು.

ಇನ್ನು ಎಕ್ಸ್‌ರೇ ತಡೆಯುವ ಲೆಡ್ (ಸೀಸದ) ಏಪ್ರನ್. ಎಷ್ಟೋ ಓಟಿಗಳಲ್ಲಿ ಇರುವುದು ದೊಡ್ಡ ಅಳತೆಯ ಒಂದೇ ತುಂಡಿನ ಏಪ್ರನ್, ಭಾರವೆಲ್ಲ ಭುಜಕ್ಕೆ. ಸಣ್ಣ ಮೈಗೆ ಅದನ್ನು ಹಾಕಿದರೆ ತೋಳಿನ ಕಂಡಿ ಬಾಯ್ದೆರೆಯುತ್ತದೆ. ಕೈ ಮುಂದೆ ಚಾಚಿದಾಗ ಕಂಕುಳು, ಸ್ತನದ ಮೇಲಿನ ಹೊರಭಾಗ ಬಯಲು. ಸ್ತನ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಆ ಭಾಗದಲ್ಲೇ. ಅಮೆರಿಕದ ಮಹಿಳಾ ಆರ್ಥೋ ಸರ್ಜನ್‌ಗಳ ಸಮೀಕ್ಷೆಯಲ್ಲಿ ಸ್ತನ ಕ್ಯಾನ್ಸರ್ ಅಲ್ಲಿನ ಇತರ ಮಹಿಳೆಯರಿಗಿಂತ ಹೆಚ್ಚು ಕಂಡಿತ್ತು. ವಿಕಿರಣವೇ ಕಾರಣ ಎಂದು ಅದರಿಂದ ಸಾಬೀತಾಗಲಿಲ್ಲ. ಸಾಬೀತಾಗುವ ತನಕ ಕಂಕುಳು ತೆರೆದಿಟ್ಟು ಕಾಯಬೇಕೇ? ಇಂಡೆಂಟ್‌ನಲ್ಲಿ ನಾನು ಬರೆಸುವುದು: ಮೇಲಂಗಿ ಮತ್ತು ಸ್ಕರ್ಟ್ ಎರಡು ತುಂಡು, ಸ್ಮಾಲ್ ಸೈಜು, ಮುಂಭಾಗ 0.5 ಮಿ.ಮೀ. ಸೀಸಕ್ಕೆ ಸಮ, ಕಂಕುಳಿಗೆ ಹೆಚ್ಚುವರಿ ತೋಳು, ಥೈರಾಯ್ಡ್ ಶೀಲ್ಡ್. ಸ್ಕರ್ಟನ್ನು ಸೊಂಟಕ್ಕೆ ಬಿಗಿದರೆ ಅರ್ಧ ಭಾರ ಅಲ್ಲಿಗೆ ಇಳಿಯುತ್ತದೆ. ಏಪ್ರನ್ ಮಡಚಿಟ್ಟರೆ ಒಳಗೆ ಬಿರುಕು ಬೀಳುತ್ತದೆ, ಹೊರಗೆ ಕಾಣುವುದಿಲ್ಲ. ವರ್ಷಕ್ಕೊಮ್ಮೆ ಸಿ-ಆರ್ಮ್ ಅಡಿ ಹಿಡಿದು ನೋಡಿ.

ಚದುರುವ ಕಿರಣ ಹೆಚ್ಚಿರುವುದು ಎಕ್ಸ್‌ರೇ ಹೊರಡುವ ಟ್ಯೂಬ್ ಕಡೆ. ನೇರ ನೋಟಕ್ಕೆ ಟ್ಯೂಬ್ ಟೇಬಲಿನ ಕೆಳಗಿರಲಿ, ಪಕ್ಕದ ನೋಟಕ್ಕೆ ನೀವು ಇಂಟೆನ್ಸಿಫೈಯರ್ (ಚಿತ್ರ ಹಿಡಿಯುವ ಭಾಗ) ಬದಿಯಲ್ಲಿ ನಿಲ್ಲಿ. ಒಂದು ಮೀಟರ್‌ನಿಂದ ಎರಡಕ್ಕೆ ಸರಿದರೆ ಡೋಸ್ ಸುಮಾರು ಕಾಲುಭಾಗ. ರೇಡಿಯಾಲಜಿಯವರಿಗೆ ಟಿಎಲ್‌ಡಿ ಬ್ಯಾಡ್ಜ್ (ಮೈಗೆ ತಾಗಿದ ವಿಕಿರಣ ಅಳೆಯುವುದು) ಕೊಟ್ಟು ಆರ್ಥೋದವರನ್ನು ಮರೆಯುವ ಆಸ್ಪತ್ರೆಗಳಿವೆ, ಕೇಳಿ ಪಡೆಯಿರಿ. ಅದನ್ನು ಏಪ್ರನ್ ಒಳಗೆ ಎದೆಯ ಮಟ್ಟದಲ್ಲಿ ಹಾಕಿ.

ಗರ್ಭಿಣಿಯಾದಾಗ ಲಿಖಿತವಾಗಿ ತಿಳಿಸುವ ದಿನಾಂಕ ಮುಖ್ಯ. ಆವತ್ತಿನಿಂದ ಹೆರಿಗೆವರೆಗೆ ಭ್ರೂಣಕ್ಕೆ ತಾಗಬಹುದಾದ ವಿಕಿರಣಕ್ಕೆ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಇಟ್ಟಿರುವ ಮಿತಿ 1 ಮಿಲಿಸೀವರ್ಟ್. ಟಿಎಲ್‌ಡಿ ಲೆಕ್ಕ ಬರುವುದು ಮೂರು ತಿಂಗಳಿಗೊಮ್ಮೆ, ಅಷ್ಟು ಕಾಯಲಾಗದು. ಆಗಲೇ ಓದಬಹುದಾದ ಪಾಕೆಟ್ ಡೋಸಿಮೀಟರ್ ಹೊಟ್ಟೆಯ ಮಟ್ಟಕ್ಕೆ, ಏಪ್ರನ್ ಒಳಗೆ ಬೇಕು. ಕೃತಕ ಕೀಲು ಕೂರಿಸುವ ಬೋನ್ ಸಿಮೆಂಟ್ ಕಲಸುವಾಗ ದೂರ ಸರಿಯಿರಿ, ವ್ಯಾಕ್ಯೂಮ್ ಮಿಕ್ಸರ್ ಇದ್ದರೆ ಆವಿ ಕಡಿಮೆ. ಇಲ್ಲಿ ತಪ್ಪುವುದು ಇನ್ನೊಂದು ಕಡೆ: ತಿಳಿಸಿದ ಮಾರನೆಯ ದಿನವೇ "ಪಾಪ, ರೆಸ್ಟ್ ತಗೊಳ್ಲಿ" ಎಂದು ಓಟಿ ಪಟ್ಟಿಯಿಂದಲೇ ಹೆಸರು ತೆಗೆಯುತ್ತಾರೆ. ಅದಕ್ಕೇ ತಿಳಿಸುವ ಪತ್ರದಲ್ಲೇ ಬದಲಿ ಕೆಲಸವನ್ನೂ ಬರೆಯಿರಿ: ಆರ್ತ್ರೋಸ್ಕೋಪಿ (ಕೀಲಿನೊಳಗೆ ಕ್ಯಾಮೆರಾ ಬಿಟ್ಟು ಮಾಡುವುದು), ಟೆಂಡನ್ ರಿಪೇರಿ, ಸಿ-ಆರ್ಮ್ ಬೇಡದ ಪ್ಲೇಟಿಂಗ್ (ಮೂಳೆಗೆ ಪ್ಲೇಟು ಕೂರಿಸುವುದು).

ಉದ್ಯೋಗದಲ್ಲಿರುವವರಿಗೆ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಮೊದಲೆರಡು ಹೆರಿಗೆಗೆ 26 ವಾರದ ರಜೆ, 50 ಅಥವಾ ಹೆಚ್ಚು ಸಿಬ್ಬಂದಿ ಇರುವಲ್ಲಿ ಶಿಶುಪಾಲನಾ ಕೇಂದ್ರ ಬಂದವು. ಪಿಜಿಗಳಿಗೆ ತೊಡಕು ಬೇರೆ: ಅನುಮತಿಗಿಂತ ಹೆಚ್ಚಿನ ರಜೆಯಷ್ಟು ಕೋರ್ಸ್ ಮುಂದಕ್ಕೆ ಹೋಗುತ್ತದೆ, ಪರೀಕ್ಷೆಯೂ ತಪ್ಪಬಹುದು. ರಜೆಗೆ ಮೊದಲೇ ಹಾಜರಾತಿ ಲೆಕ್ಕ, ಪರೀಕ್ಷೆಯ ಅರ್ಹತೆ, ಮುಂದುವರಿದ ಅವಧಿಯ ಸ್ಟೈಪೆಂಡ್ ಮೂರನ್ನೂ ಕಾಲೇಜಿನಿಂದ ಲಿಖಿತವಾಗಿ ಪಡೆಯಿರಿ.

ಲೈಂಗಿಕ ಕಿರುಕುಳದ ದೂರಿಗೆ ಕಾಲಮಿತಿ ಇದೆ: 2013ರ ಕಾಯ್ದೆಯಂತೆ ಘಟನೆಯಿಂದ ಮೂರು ತಿಂಗಳೊಳಗೆ ಆಂತರಿಕ ಸಮಿತಿಗೆ ಬರೆದುಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನು ಮೂರು ತಿಂಗಳು ಕೊಡಬಹುದು.

ಎಲ್ಲಕ್ಕಿಂತ ಸದ್ದಿಲ್ಲದೆ ನಡೆಯುವುದು ಕೇಸು ಹಂಚಿಕೆ. ಡಿಸ್ಚಾರ್ಜ್ ಸಮರಿ, ಕೌನ್ಸೆಲಿಂಗ್, ವಾರ್ಡು "ನೀಟಾಗಿ ಮಾಡ್ತಾಳೆ" ಎಂದು ಹುಡುಗಿಗೆ, ನೈಲಿಂಗ್ (ಮೂಳೆಯೊಳಗೆ ಸರಳು ಹಾಕುವುದು) ಹುಡುಗನಿಗೆ. ಬಾಯಿಮಾತಿನ ತಕರಾರಿಗೆ ಇಲ್ಲಿ ಬೆಲೆಯಿಲ್ಲ. ಲಾಗ್‌ಬುಕ್‌ನಲ್ಲಿ ನೋಡಿದ್ದು, ಅಸಿಸ್ಟ್ ಮಾಡಿದ್ದು, ಹಿರಿಯರ ಎದುರು ಮಾಡಿದ್ದು, ಸ್ವತಂತ್ರವಾಗಿ ಮಾಡಿದ್ದು ಎಂದು ನಾಲ್ಕು ಕಾಲಂ ಹಾಕಿ. ತಿಂಗಳ ಕೊನೆಗೆ ಯೂನಿಟ್‌ನ ಎಲ್ಲ ಪಿಜಿಗಳ ಮೊತ್ತವನ್ನು ಒಂದೇ ಹಾಳೆಯಲ್ಲಿ ಯೂನಿಟ್ ಚೀಫ್ ಮುಂದಿಡಿ. ಸಹಿಯನ್ನು ಓಟಿ ನೋಟ್ಸ್ ಜೊತೆ ಆವತ್ತೇ ಹಾಕಿಸಿಕೊಳ್ಳಿ. ತಿಂಗಳು ಕಳೆದ ಮೇಲೆ ಕೇಳಿದರೆ ಯಾರು ಯಾವ ಸ್ಕ್ರೂ ಹಾಕಿದರೆಂದು ಯಾರಿಗೂ ನೆನಪಿರುವುದಿಲ್ಲ.