ಅಪ್ಪ ಎ, ಅಮ್ಮ ಬಿ, ಮಗಳು ಓ: ರಕ್ತದ ಗುಂಪಿನ ಲೆಕ್ಕ ಹಾಕುವುದು ಹೇಗೆ?

ಅನುವಂಶೀಯತೆಯ ಪಾಠ ಮುಗಿಸಿದ ಮರುದಿನ ಹತ್ತನೇ ತರಗತಿಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಅಪ್ಪನ ರಕ್ತ ಎ ಗುಂಪು, ಅಮ್ಮನದು ಬಿ, ಅವಳದು ಓ. ‘ಹಾಗಾದರೆ ನಾನು ಅವರ ಮಗಳಲ್ಲವೇ ಮೇಡಂ?’ ಎಂದಳು. ಕಣ್ಣು ಊದಿಕೊಂಡಿತ್ತು. ಇದೇ ತಪ್ಪು ಲೆಕ್ಕದಿಂದ ದೊಡ್ಡವರ ಮನೆಗಳಲ್ಲಿ ಜಗಳವಾದದ್ದನ್ನೂ ಕಂಡಿದ್ದೇನೆ. ಸರಿಯಾದ ಲೆಕ್ಕಕ್ಕೆ ಒಂದು ಹಾಳೆ, ಒಂದು ಪೆನ್ಸಿಲ್ ಸಾಕು. ಪೆನ್ ಬೇಡ, ಅಳಿಸಿ ಬರೆಯುವ ಪ್ರಸಂಗ ಬಂದೇ ಬರುತ್ತದೆ.

ಹಂತ 1: ಗುಂಪು ಯಾವುದೆಂದು ಖಚಿತಪಡಿಸಿಕೊಳ್ಳಿ. ಶಾಲೆಯ ಗುರುತಿನ ಚೀಟಿಯನ್ನು ನಂಬಬೇಡಿ. ಎಷ್ಟೋ ಸಲ ಅಲ್ಲಿರುವುದು ಯಾರೋ ನೆನಪಿನಿಂದ ಹೇಳಿದ ಗುಂಪು. ಹುಟ್ಟಿದಾಗ ಬರೆದುಕೊಟ್ಟ ಗುಂಪನ್ನೂ ಮಗು ದೊಡ್ಡದಾದ ಮೇಲೆ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಬೇಕು.

ಹಂತ 2: ಪ್ರತಿಯೊಬ್ಬರಿಗೂ ಎರಡು ಅಕ್ಷರ ಬರೆಯಿರಿ. ಎಲ್ಲರೂ ಎಡವುವುದು ಇಲ್ಲಿಯೇ, ನಿಧಾನವಾಗಿ ಓದಿ. ಲ್ಯಾಬ್ ಚೀಟಿಯಲ್ಲಿ ‘ಎ’ ಎಂಬ ಒಂದೇ ಅಕ್ಷರವಿದ್ದರೂ ದೇಹದಲ್ಲಿ ರಕ್ತದ ಗುಂಪನ್ನು ನಿರ್ಧರಿಸುವ ವಂಶವಾಹಿಯ (ಜೀನ್) ಎರಡು ಪ್ರತಿಗಳಿರುತ್ತವೆ, ಒಂದು ಅಪ್ಪನಿಂದ ಬಂದದ್ದು, ಇನ್ನೊಂದು ಅಮ್ಮನಿಂದ. ಬಟಾಣಿ ಗಿಡದ ಪಾಠದಲ್ಲಿ ಎತ್ತರ, ಗಿಡ್ಡ ಎಂಬ ಎರಡೇ ರೂಪಗಳಿದ್ದವು. ಇಲ್ಲಿ ಎ, ಬಿ, ಓ ಎಂದು ಮೂರಿವೆ. ಎ ರೂಪವು ಕೆಂಪು ರಕ್ತಕಣದ ಮೇಲೆ ಒಂದು ಬಗೆಯ ಸಕ್ಕರೆಯ ಅಣುವನ್ನು ಅಂಟಿಸುತ್ತದೆ, ಬಿ ರೂಪವು ಇನ್ನೊಂದು ಬಗೆಯದನ್ನು. ಓ ಏನನ್ನೂ ಅಂಟಿಸುವುದಿಲ್ಲ. ಹಾಗಾಗಿ ಎ ಅಥವಾ ಬಿ ಜೊತೆಗಿದ್ದರೆ ಓ ಇರುವುದು ಹೊರಗೆ ಗೊತ್ತೇ ಆಗುವುದಿಲ್ಲ. ಆದರೆ ಎ ಮತ್ತು ಬಿ ಒಟ್ಟಿಗೆ ಬಂದಾಗ ಯಾವುದೂ ಯಾವುದಕ್ಕೂ ಮಣಿಯುವುದಿಲ್ಲ. ಎರಡೂ ಸಕ್ಕರೆಗಳು ಕಣದ ಮೇಲೆ ಕೂರುತ್ತವೆ, ಗುಂಪು ಎಬಿ ಆಗುತ್ತದೆ. ಇದನ್ನೇ ಸಹಪ್ರಾಬಲ್ಯ ಎನ್ನುತ್ತಾರೆ. ಪರೀಕ್ಷೆಯ ಗಾಜಿನ ಪಟ್ಟಿಯಲ್ಲೂ ಇದು ಕಾಣುತ್ತದೆ. ರಕ್ತದ ಒಂದು ಹನಿಗೆ ಎ ಗುರುತಿಸುವ ದ್ರಾವಣ, ಇನ್ನೊಂದು ಹನಿಗೆ ಬಿ ಗುರುತಿಸುವ ದ್ರಾವಣ ಬೆರೆಸುತ್ತಾರೆ: ಎಬಿ ರಕ್ತವಾದರೆ ಎರಡು ಹನಿಗಳೂ ಮರಳು ಮರಳಾಗಿ ಗಂಟುಕಟ್ಟುತ್ತವೆ, ಓ ರಕ್ತವಾದರೆ ಎರಡೂ ನುಣ್ಣಗೆ ಉಳಿಯುತ್ತವೆ.

ಆದ್ದರಿಂದ ಓ ಗುಂಪಿನವರಿಗೆ ‘ಓ ಓ’, ಎಬಿಯವರಿಗೆ ‘ಎ ಬಿ’ ಎಂದು ಕಣ್ಣುಮುಚ್ಚಿ ಬರೆಯಬಹುದು. ಎ ಗುಂಪಿನವರು ಮಾತ್ರ ‘ಎ ಎ’ ಇರಬಹುದು, ‘ಎ ಓ’ ಕೂಡ ಇರಬಹುದು. ಬಿ ಗುಂಪಿಗೂ ಹೀಗೆಯೇ. ಯಾವುದೆಂದು ತಿಳಿಯಲು ಅಜ್ಜ ಅಜ್ಜಿಯರನ್ನು ವಿಚಾರಿಸಿ. ಆ ಹುಡುಗಿಯ ತಂದೆಯ ತಾಯಿ ಓ, ತಾಯಿಯ ತಂದೆಯೂ ಓ. ಓ ಗುಂಪಿನವರ ಬಳಿ ಮಕ್ಕಳಿಗೆ ಕೊಡಲು ಓ ಬಿಟ್ಟು ಬೇರೇನೂ ಇಲ್ಲ. ಅಂದ ಮೇಲೆ ಅವಳ ಅಪ್ಪ ‘ಎ ಓ’, ಅಮ್ಮ ‘ಬಿ ಓ’.

ಹಂತ 3: ನಾಲ್ಕು ಮನೆಯ ಚೌಕ ಬರೆದು, ಅಪ್ಪನ ಅಕ್ಷರಗಳನ್ನು ಮೇಲೆ, ಅಮ್ಮನವನ್ನು ಬದಿಗೆ ಇಟ್ಟು ಮನೆಗಳನ್ನು ತುಂಬಿ.

ಅವಳ ಚೌಕದಲ್ಲಿ ಎ ಬಿ, ಎ ಓ, ಬಿ ಓ, ಓ ಓ ಬಂದವು. ಒಂದೇ ದಂಪತಿಗೆ ನಾಲ್ಕು ಗುಂಪಿನ ಮಕ್ಕಳೂ ಹುಟ್ಟಬಹುದು. ಕೊನೆಯ ಮನೆಯ ಮೇಲೆ ಅವಳು ಬೆರಳಿಟ್ಟು ತುಂಬ ಹೊತ್ತು ಸುಮ್ಮನೆ ಕುಳಿತಿದ್ದಳು. ನಾಲ್ಕರಲ್ಲಿ ಒಂದು ಮನೆ ಎಂದರೆ ನಾಲ್ಕು ಮಕ್ಕಳಲ್ಲಿ ಒಂದು ಓ ಆಗಲೇಬೇಕು ಎಂದಲ್ಲ. ಪ್ರತಿ ಹೆರಿಗೆಗೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ.

ಪಾಸಿಟಿವ್, ನೆಗೆಟಿವ್ ಲೆಕ್ಕಕ್ಕೆ ಬೇರೆಯೇ ಚೌಕ ಬೇಕು. ಅದು ಬಟಾಣಿಯಂತೆ ಸರಳ: ಇಬ್ಬರು ಪಾಸಿಟಿವ್ ತಂದೆತಾಯಿಗೆ ನೆಗೆಟಿವ್ ಮಗು ಹುಟ್ಟಬಹುದು.

ಗುಂಪು ಒತ್ತಿದ ಕೂಡಲೇ ಉತ್ತರ ಕೊಡುವ ಮೊಬೈಲ್ ಆ್ಯಪ್‌ಗಳನ್ನು ನಾನು ಮಕ್ಕಳಿಗೆ ಮುಟ್ಟಲು ಬಿಡುವುದಿಲ್ಲ. ‘ಎ ಎ’ಯೋ ‘ಎ ಓ’ವೋ ಎಂದು ಕೇಳದೆಯೇ ಅವು ಶೇಕಡಾವಾರು ಹೇಳಿಬಿಡುತ್ತವೆ. ರಕ್ತದ ಗುಂಪು ನೋಡಿ ಸ್ವಭಾವ ಹೇಳುವ, ಊಟದ ಪಟ್ಟಿ ಮಾರುವ ಪುಸ್ತಕಗಳಿಗೂ ದುಡ್ಡು ಸುರಿಯಬೇಡಿ.

ಹಂತ 4: ಲೆಕ್ಕ ಕೂಡಿಬರದಿದ್ದರೆ ಮೊದಲು ಮರುಪರೀಕ್ಷೆ ಮಾಡಿಸಿ, ಯಾರನ್ನೂ ದೂರಬೇಡಿ. ಅಪರೂಪದ ಅಪವಾದಗಳಿವೆ. 1952ರಲ್ಲಿ ವೈ.ಎಂ. ಭೇಂಡೆ ಮತ್ತು ಸಂಗಡಿಗರು ಬಾಂಬೆಯಲ್ಲಿ ಗುರುತಿಸಿದ ‘ಬಾಂಬೆ ಗುಂಪು’ ಅಂಥದ್ದು. ಎ, ಬಿ ಸಕ್ಕರೆಗಳು ಕೂರಲು ‘ಎಚ್’ ಎಂಬ ಆಸರೆ ಬೇಕು. ಅದನ್ನು ಕಟ್ಟುವ ವಂಶವಾಹಿ ಬೇರೆಯೇ ವರ್ಣತಂತುವಿನಲ್ಲಿದೆ. ಅದರ ಎರಡೂ ಪ್ರತಿಗಳು ಕೆಟ್ಟಿದ್ದರೆ, ಒಳಗೆ ಬಿ ಇದ್ದರೂ ಸಾಮಾನ್ಯ ಪರೀಕ್ಷೆ ಓ ಎಂದೇ ತೋರಿಸುತ್ತದೆ. ಇಂಥ ತಾಯಿ ಮತ್ತು ಓ ಗುಂಪಿನ ತಂದೆಗೆ ಬಿ ಗುಂಪಿನ ಮಗು ಹುಟ್ಟಬಹುದು: ಬಿ ತಾಯಿಯದು, ಆಸರೆ ತಂದೆಯದು.

ಅನುಮಾನವಿದ್ದರೆ ರಕ್ತನಿಧಿಯಲ್ಲಿ ‘ಎಚ್’ ಪರೀಕ್ಷೆ ಕೇಳಿ ಮಾಡಿಸಿ. ಬಾಂಬೆ ಗುಂಪು ಎಂದು ಗೊತ್ತಾದರೆ ಅದೇ ವಾರ ಒಡಹುಟ್ಟಿದವರನ್ನೂ ಕರೆದುಕೊಂಡು ಹೋಗಿ. ಈ ಗುಂಪಿನವರಿಗೆ ಓ ರಕ್ತವೂ ಒಗ್ಗುವುದಿಲ್ಲ. ತಮ್ಮದೇ ಗುಂಪಿನ ರಕ್ತ ಬೇಕು, ಅದು ಅಣ್ಣನಲ್ಲೋ ತಂಗಿಯಲ್ಲೋ ಸಿಗುವ ಸಾಧ್ಯತೆಯೇ ಹೆಚ್ಚು.