‘ಶರೇಡ್’ಗೆ ಕನ್ನಡ ಸಬ್‌ಟೈಟಲ್: ಮೂಡಿಗೆರೆಯ ಕಣದಲ್ಲಿ ನನ್ನ ಅನುಭವ

ಕನ್ನಡ ಸಬ್‌ಟೈಟಲ್ ಹಾಕಿ ನಗುವೂ ಕೊಲೆಯ ರಹಸ್ಯವೂ ಬೆರೆತ ‘ಶರೇಡ್’ ಎಂಬ ಇಂಗ್ಲಿಷ್ ಚಿತ್ರವನ್ನು ತೋರಿಸುತ್ತೇನೆಂದಾಗ ಚಿಕ್ಕಮಗಳೂರು, ಹಾಸನಗಳಲ್ಲಿ ಪ್ರದರ್ಶನ ನಡೆಸುವ ಗೆಳೆಯರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಅಕ್ಷರ ಓದುತ್ತ ಕುಳಿತವರಿಗೆ ಕೊಲೆಗಾರನ ಸುಳಿವೂ ಸಿಗದು, ನಗುವೂ ಬಾರದು ಎಂಬುದು ಅವರ ವಾದವಾಗಿತ್ತು. ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ, ಕಾಫಿ ಗಿಡ ಹೂಬಿಡಿಸುವ ಹೂಮಳೆಗೆ ಮೊದಲು, ಮೂಡಿಗೆರೆಯ ತೋಟವೊಂದರಲ್ಲಿ ಸುಮಾರು 150 ಜನ ಕೊನೆಯವರೆಗೆ ಕದಲದೆ ನೋಡಿದ್ದಕ್ಕೆ ಈಗ ಅವರೇ ಸಾಕ್ಷಿ.

ಸ್ಟ್ಯಾನ್ಲಿ ಡೋನೆನ್ ನಿರ್ದೇಶಿಸಿದ ಈ 1963ರ ಚಿತ್ರವನ್ನು ಆರಿಸಿದ್ದಕ್ಕೆ ಹಣದ ಕಾರಣವೂ ಇದೆ. ಹಕ್ಕಿನ ಸೂಚನೆಯಲ್ಲಿ ಕಾಪಿರೈಟ್ ಎಂಬ ಪದವಾಗಲಿ ಚಿಹ್ನೆಯಾಗಲಿ ಇಲ್ಲದ್ದರಿಂದ ಅಂದಿನ ಕಾನೂನಿನಂತೆ ಅಮೆರಿಕದಲ್ಲಿ ಅದು ಬಿಡುಗಡೆಯಾದಾಗಲೇ ಸಾರ್ವಜನಿಕ ಸ್ವತ್ತಾಯಿತು. ನಮ್ಮ ಕಾನೂನಿನಲ್ಲಿ ಚಲನಚಿತ್ರಕ್ಕಿರುವ 60 ವರ್ಷಗಳ ಅವಧಿಯೂ 2023ಕ್ಕೆ ಮುಗಿಯಿತು. ಆದರೆ ಯಾರು ಬೇಕಾದರೂ ಪ್ರತಿ ಮಾಡಬಹುದಾದ್ದರಿಂದಲೇ ಬೇರೆ ಬೇರೆ ವೇಗದ ಪ್ರತಿಗಳು ಓಡಾಡುತ್ತಿವೆ. ಸೆಕೆಂಡಿಗೆ 24 ಫ್ರೇಮ್, ಅಂದರೆ ಬಿಡಿ ಚಿತ್ರ, ಓಡುವ ಪ್ರತಿಗೆ ಹೊಂದಿಸಿದ ಸಬ್‌ಟೈಟಲ್ ಸಾಲುಗಳನ್ನು 25ರ ಪ್ರತಿಗೆ ಹಾಕಿದರೆ, 113 ನಿಮಿಷಗಳ ಚಿತ್ರ ಮುಗಿಯುವಷ್ಟರಲ್ಲಿ ಮಾತಿಗೂ ಅಕ್ಷರಕ್ಕೂ ನಾಲ್ಕು ನಿಮಿಷಕ್ಕೂ ಹೆಚ್ಚು ಅಂತರ ಬೀಳುತ್ತದೆ. ಹಾಸನದ ಮೊದಲ ಪ್ರದರ್ಶನ ಕೆಟ್ಟದ್ದು ಹೀಗೆ; ಪ್ರೊಜೆಕ್ಟರ್, ಸೌಂಡ್, ಜನರೇಟರ್ ಬಾಡಿಗೆಯೆಂದು ಆರೇಳು ಸಾವಿರ ಅಂದೇ ಹೋಯಿತು. ಇನ್ನೊಮ್ಮೆ ಬಾಡಿಗೆ ಲ್ಯಾಪ್‌ಟಾಪಿನಲ್ಲಿ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಬಂದವು. ಅಂದಿನಿಂದ ಅಕ್ಷರವನ್ನು ವಿಡಿಯೋದೊಳಗೇ ಅಚ್ಚೊತ್ತಿ ಒಯ್ಯುತ್ತೇನೆ.

ನಿಜವಾದ ಕೆಲಸ ಇರುವುದು ಸಾಲನ್ನು ತಡೆಹಿಡಿಯುವುದರಲ್ಲಿ. ನಾಯಕ ಕ್ಯಾರಿ ಗ್ರಾಂಟ್ ಮಾತು ಮುಗಿಸುವ ಮೊದಲೇ ಇಡೀ ವಾಕ್ಯ ಪರದೆಗೆ ಬಂದರೆ ಜನ ಮುಂಚೆಯೇ ನಕ್ಕುಬಿಡುತ್ತಾರೆ, ಆ ನಗುವಿನಲ್ಲಿ ನಾಯಕಿ ಆಡ್ರಿ ಹೆಪ್‌ಬರ್ನ್ ಕೊಡುವ ಉತ್ತರ ಕಳೆದುಹೋಗುತ್ತದೆ. ರಹಸ್ಯದ ಮಾತಾದರಂತೂ ಅರ್ಧ ಸೆಕೆಂಡು ಮೊದಲು ಬಂದರೂ ದೃಶ್ಯವೇ ಹಾಳು. ಆದ್ದರಿಂದ ವಾಕ್ಯವನ್ನು ಎರಡಾಗಿ ಒಡೆದು, ಕೊನೆಯ ತುಂಡನ್ನು ನಟರ ಮುಖಭಾವ ಬದಲಾಗುವ ಗಳಿಗೆಗೆ ಬಿಡುತ್ತೇನೆ. ಎಷ್ಟು ತಡ ಮಾಡಬೇಕೆಂಬ ಲೆಕ್ಕವನ್ನು ಮಾತ್ರ ಇಲ್ಲಿ ಬಿಡಿಸಿಡಲಾರೆ, ಅದು ಎರಡು ವರ್ಷದ ಗಳಿಕೆ. ಮಾತಾಡುವವರ ಹೆಸರನ್ನು ಸಾಲಿನ ಮುಂದೆ ಹಾಕುವ ಪದ್ಧತಿ ಈ ಚಿತ್ರಕ್ಕೆ ಒಗ್ಗದು, ಏಕೆಂದರೆ ನಾಯಕನ ಹೆಸರೇ ಮತ್ತೆ ಮತ್ತೆ ಬದಲಾಗುತ್ತದೆ.

ನಡುವೆ ಸಕಲೇಶಪುರದ ಕಡೆ ಹರಿಕಥೆಯ ಧಾಟಿಯಲ್ಲಿ ಮೈಕಿನಲ್ಲಿ ಕಥೆ ಹೇಳಿಸಿಯೂ ನೋಡಿದೆ. ಹೇಳುವವರು ಸೊಗಸಾಗಿ ಹೇಳಿದರು, ಆದರೆ ಹೆನ್ರಿ ಮ್ಯಾನ್ಸಿನಿಯ ಸಂಗೀತ ಕೇಳಿಸಲೇ ಇಲ್ಲ. ಅಲ್ಲಿ ಒಂದು ಲಾಭವಾಯಿತು: ಶವಪೆಟ್ಟಿಗೆಯ ಬಳಿಗೆ ಮೂವರು ಒಬ್ಬೊಬ್ಬರಾಗಿ ಬಂದು, ಸತ್ತವನು ಸತ್ತಿದ್ದಾನೆಯೇ ಎಂದು ಪರೀಕ್ಷಿಸುವಾಗ ಹೇಳುವವರು ಸುಮ್ಮನಿದ್ದರು, ಇಡೀ ಕಣ ನಕ್ಕಿತು. ಅಂದಿನಿಂದ ಆ ದೃಶ್ಯದಲ್ಲಿ ಅನಿವಾರ್ಯವಾದ ಎರಡು ಮೂರು ಸಾಲಷ್ಟೇ ಉಳಿಸಿದ್ದೇನೆ.

ಮೂಡಿಗೆರೆಯಲ್ಲಿ ತಲೆಗೆ 50 ರೂಪಾಯಿಯಂತೆ ಏಳು ಸಾವಿರದ ಮೇಲೆ ಬಂತು. ತೋಟದವರು ಕಣವನ್ನು ಬಾಡಿಗೆಯಿಲ್ಲದೆ ಕೊಟ್ಟಿದ್ದರಿಂದ ಖರ್ಚೆಲ್ಲ ಕಳೆದು ಸಾವಿರದ ಆಸುಪಾಸು ಉಳಿಯಿತು.